ಅರೆಗಟ್ಟೆಯ ಕಲ್ಲು

ನಮ್ಮೂರ ಕೆರೆಯ ಏರಿ ಹತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಒಂದು ಶಾಸನದ ಕಲ್ಲು. ಅದರ ಹಿಂದೆ ಸೊಗಸಾದ ಕಲ್ಲುಗಟ್ಟೆ, ಮುಂದೆ ಬರಿಯ ನೆಲ. ಕಟ್ಟಿದವರು ಮೈಗಳ್ಳರಿರಬೇಕೆಂದು ಬಂದವರು ನಗುತ್ತಾರೆ. ನಗಲಿ. ಅದು ಕಟ್ಟಿ ಮುಗಿಸದ ಕಟ್ಟೆಯಲ್ಲ, ಬಿಚ್ಚಿದ ಕಟ್ಟೆ. ಕೆರೆಗೆ ಅರೆಗಟ್ಟೆ ಎಂಬ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ ಮಳೆ ಹೋಗಿ ಕೆರೆಯಲ್ಲಿ ತಳದ ನೀರಷ್ಟೇ ಉಳಿದಾಗ, ಊರಿನ ದ್ಯಾಮನಗೌಡ ಕೆಳಗಿನ ಕೇರಿಯವರು ಕೊಡ ತರಕೂಡದೆಂದು ತಡೆದನಂತೆ. ಕೆರೆ ಗೌಡರದೆಂದು ಕಲ್ಲಿನಲ್ಲೇ ಬರೆದಿದೆ ಎಂದು ಅವನು ಅಜ್ಜನಿಂದ ಕೇಳಿದ್ದ. ಕೇರಿಯ ಮುದುಕಿ ದುರುಗವ್ವನಾದರೋ, ಕೆರೆ ತೋಡಿದವರು ತನ್ನ ಹಿರಿಯರೆಂದು ಬೀಸುವಾಗ ಹಾಡುತ್ತಿದ್ದಳು. ಆ ಕಾಲಕ್ಕೆ ಮಠದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಹಾಲಯ್ಯನವರದು ಬೇರೆಯದೇ ಪಾಠ. ಊರಿನ ಯಾವ ಕಥೆ ಹೇಳಿದರೂ "ಯಾರು ಹೇಳಿದ್ರು? ಎಲ್ಲಿ ನೋಡಿದ್ರಿ?" ಎಂದು ಕೇಳುವರು. ಹಾಡನ್ನೂ ಕೇಳಿ, ಕಲ್ಲನ್ನೂ ಓದಿ, ಎರಡನ್ನೂ ಜೊತೆಗಿಟ್ಟು ನೋಡಿ ಎಂದು ಅವರು ಮಕ್ಕಳನ್ನು ಏರಿಗೆ ಕರೆತಂದರು. ಗೌಡನೂ ಕೇರಿಯವರೂ ಬಂದು ನಿಂತರು. ಮಕ್ಕಳು ಸವೆದ ಅಕ್ಷರಗಳಿಗೆ ಜೋಳದ ಹಿಟ್ಟು ಸವರಿ ಒಂದೊಂದೇ ಸಾಲು ಓದಿದರು. ಕೆರೆಯ ಕಾವಲು ಗೌಡನದು ಎಂದಿತ್ತು, ಸುಳ್ಳಲ್ಲ. ಆದರೆ ಆ ಮಕ್ಕಳಲ್ಲಿದ್ದ ಗೌಡನ ಒಬ್ಬಳೇ ಮಗಳು ಪಂಪವ್ವ ಕಟ್ಟೆಯ ಅಂಚಿನಲ್ಲಿ ಕೈಯಾಡಿಸಿ ತಂದೆಯತ್ತ ತಿರುಗಿದಳು.

"ಯಪ್ಪಾ, ಬರಹ ಮುಗಿದಿಲ್ಲ. ಇನ್ನೂ ಕೆಳಗ ಕಟ್ಟ್ಯಾಗ ಇಳದೈತಿ."

ಓದಲು ಬಾರದ ಕಲ್ಲನ್ನು ಊರು ದೇವರೆಂದು ಪೂಜಿಸುತ್ತಿತ್ತು. ಅದರ ಸುತ್ತಲಿನ ಕಟ್ಟೆ ಗೌಡನ ಅಜ್ಜ ಕಟ್ಟಿಸಿದ್ದು. ಭಕ್ತಿಗೋ, ಬರಹ ಮುಚ್ಚಲಿಕ್ಕೋ ಎಂದು ಕೆಲವರು ಈ ಕಥೆ ಹೇಳುವ ನನ್ನನ್ನು ಕೆಣಕುತ್ತಾರೆ; ಕಲ್ಲಿನಲ್ಲಿಲ್ಲದ್ದನ್ನು ನಾನು ಹೇಳಲಾರೆ. ಕಟ್ಟೆ ಮುಟ್ಟಿದರೆ ಕೇಡೆಂದು ಹಿರಿಯರು ಅಂಜಿದರು. ಗೌಡನಿಗೆ ಮಾತ್ರ ಕಲ್ಲು ತನ್ನ ಪರವೆಂಬ ಧೈರ್ಯ. "ಬಿಚ್ರಿ, ಓದ್ಲಿ" ಎಂದ. ಕಲ್ಲಿನ ಮುಂದಿನ ಅರ್ಧ ಕಟ್ಟೆಯನ್ನು ಬಿಚ್ಚಿದರು.

ಕೆರೆ ತೋಡಿದವರು ಕೆಳಗಿನ ಕೇರಿಯವರು, ನೀರು ಎಲ್ಲರಿಗೂ ಸಮ ಎಂದು ಕೆಳಗಿನ ಸಾಲುಗಳಲ್ಲಿತ್ತು. ಕೊನೆಯ ಸಾಲಿಗೆ ಬಂದಾಗ ಪಂಪವ್ವ ಓದು ನಿಲ್ಲಿಸಿದಳು. ಹಾಲಯ್ಯನವರೂ ಆ ಸಾಲನ್ನು ನೋಡಿ, "ಸಾಕು ತಂಗಿ, ಬಿಡು" ಎಂದರಂತೆ.

"ಇದ್ದದ್ದು ಓದಬೇಕಂತ ನೀವ ಕಲಿಸೀರಲ್ರಿ ಅಯ್ಯಾರ," ಎಂದು ಅವಳು ಓದಿದಳು: ಈ ನೀರನ್ನು ತಡೆದವನ ಸಂತಾನ ಅಳಿಯಲಿ.

ಆ ಕೂಸು ತನ್ನ ಮೇಲಿನ ಶಾಪವನ್ನು ತಾನೇ ಓದಿತ್ತು. ದ್ಯಾಮನಗೌಡ ದುರುಗವ್ವನ ಕೊಡ ಇಸಿದುಕೊಂಡು ಕೆರೆಗಿಳಿದ. ತುಂಬಿ ತಂದು ತಾನೇ ಅವಳ ತಲೆಯ ಮೇಲಿರಿಸಿದ.

ಬಿಚ್ಚಿದ ಕಟ್ಟೆಯನ್ನು ಮತ್ತೆ ಯಾರೂ ಕಟ್ಟಲಿಲ್ಲ. ಶಾಲೆಗೆ ಸೇರುವ ಮಗು ಮೊದಲು ಇಲ್ಲಿ ಹಿಟ್ಟು ಸವರುವುದು ಊರಿನ ರೂಢಿ. ಅಕ್ಷರಗಳ ಸಂದಿನಲ್ಲಿ ಆ ಬಿಳುಪು ಇಂದಿಗೂ ಕಾಣುತ್ತದೆ. ಕೊನೆಯ ಸಾಲು ನೆಲಕ್ಕೆ ತಾಗಿಕೊಂಡಿದೆ. ಅದನ್ನು ಓದಲು ಗೌಡರ ಮನೆಯವರೂ ಮಂಡಿಯೂರುತ್ತಾರೆ.