ಲಾಭದ ಸೇರು

ಉಣ್ಣೋ ಅಗುಳಲ್ಲಿ ಕೂತಿರೋ ತಾಯಿ ಅನ್ನಪೂರ್ಣೆ, ಮೊದಲ ನಮಸ್ಕಾರ ನಿನ್ನ ಪಾದಕ್ಕೆ. ನನ್ನ ಮಾತಲ್ಲಿ ಕಲ್ಲಿದ್ದರೆ ನೀನೇ ಆರಿಸಿ ಹಾಕು, ಕಾಳನ್ನ ಮಾತ್ರ ಈ ಕೂಸಿಗೆ ಕೊಡು. ಬಾ ಕಂದ, ಸೆರಗಿನೊಳಗೆ ಸೇರಿಕೋ. ಹೂಂ ಅಂತಿರಬೇಕು ಮತ್ತೆ.

ಒಂದಾನೊಂದು ಕಾಲದಲ್ಲಿ, ಕಾಳಿಗೂ ಕಿವಿ ಇದ್ದ ಕಾಲದಲ್ಲಿ, ಒಂದೂರಲ್ಲಿ ದೇವೀರವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಹೋಗಿದ್ದ, ಇದ್ದೊಬ್ಬ ಮಗ ಸೋಮಲಿಂಗ. ಕಂಡೋರ ಮನೆ ರಾಗಿ ಬೀಸಿ ಅವನನ್ನ ಸಾಕಿದಳಂತೆ. ಬೀಸಿ ಬೀಸಿ ಅಂಗೈ ಎಷ್ಟು ಒರಟಾಗಿತ್ತು ಅಂದರೆ, ಮಗನ ಕೆನ್ನೆ ಸವರಿದರೆ ಗೀರು ಬೀಳ್ತಿತ್ತಂತೆ. ಅದಕ್ಕೇ ಪಾಪ, ಕೈ ಮಗುಚಿ ಹಿಂಬದಿಯಿಂದ ಮುದ್ದು ಮಾಡ್ತಿದ್ದಳಂತೆ.

ಸೋಮಲಿಂಗನಿಗೆ ದೇವರು ಕೊಟ್ಟಿದ್ದು ಒಂದು ಗಂಟಲು. ನಮ್ಮ ಕಡೆ ಕಾಳು ಅಳೆಯೋವಾಗ ಮೊದಲನೇ ಅಳತೆಗೆ ಒಂದು ಅನ್ನೋದಿಲ್ಲ, ಲಾಭ ಅಂತೀವಿ, ಆಮೇಲೆ ಎರಡು, ಮೂರು. ಅವನು ಲಾಭ ಅಂತ ರಾಗ ಎಳೆದು ಕೂಗಿದರೆ ರಾಶಿಯಲ್ಲಿರೋ ಕಾಳೆಲ್ಲ ತಾವಾಗೇ ಬಂದು ಕೊಳಗ ತುಂಬ್ತಿದ್ದವಂತೆ. ಈ ಸುದ್ದಿ ರಾಜನಿಗೆ ಮುಟ್ಟಿ, ಕರೆಸಿ, ಅರಮನೆ ಕಣಜದಲ್ಲಿ ಅಳೆಯೋ ಕೆಲಸ ಕೊಟ್ಟನಂತೆ. ಸಂಬಳ ಕೇಳು ಕಂದ, ಹುಣ್ಣಿಮೆ ಹುಣ್ಣಿಮೆಗೆ ಮೂರು ಸೇರು ಬೆಳ್ಳಿ ದುಡ್ಡು. ಎಣಿಸೋದಲ್ಲ, ಸೇರಲ್ಲಿ ಅಳೆದು ಸುರಿಯೋದು. ಆ ಊರಲ್ಲಿ ಅಷ್ಟು ಬೆಳ್ಳಿಯನ್ನ ಕಂಡ ಕಣ್ಣೇ ಇರಲಿಲ್ಲವಂತೆ.

ಮೊದಲ ಸಂಬಳ ತಂದು ಅವ್ವನ ಮುಂದೆ ಸುರಿದು, ಅವ್ವ, ಇನ್ನು ನೀನು ಬೀಸೋಕಲ್ಲು ಮುಟ್ಟಬೇಡ ಅಂದನಂತೆ. ಆಗಲಿ ಕಣಪ್ಪ, ಆದರೆ ಲಾಭದ ಸೇರನ್ನ ದೇವರ ಮೂಲೆಗೆ ಇಟ್ಟುಬಿಡು, ಅದು ಅನ್ನಪೂರ್ಣೆ ತಾಯಿದು, ಕಷ್ಟ ಬಂದಾಗ ಅವಳೇ ಕೊಡ್ತಾಳೆ, ಮನೆ ಎರಡನೇ ಸೇರಿಂದ ನಡೀಲಿ, ನಾನು ಕೂಲಿ ರಾಗಿಯಲ್ಲೂ ಮೊದಲ ಹಿಡಿ ಕುಡಿಕೆಗೆ ಹಾಕಿಲ್ಲವಾ, ಅಂದಳಂತೆ. ಮಗ ನಕ್ಕನಂತೆ. ಲಾಭ ಅಂದರೆ ಹೆಚ್ಚಿಗೆ ಬಂದಿದ್ದು ತಾನೇ ಅವ್ವ, ಹೆಚ್ಚಿಗೆ ಬಂದಿದ್ದನ್ನೇ ಅಲ್ಲವಾ ಮೊದಲು ಖರ್ಚು ಮಾಡಬೇಕಾದ್ದು.

ಅರಮನೆಯ ಜೊತೆಗಾರರು, ಏನಯ್ಯಾ ನಿನ್ನ ತಲೆ ಕಾಗೆ ಗೂಡಿನಂಗಿದೆ, ಅಂತ ಆಗಲೇ ಆಡಿಕೊಂಡಿದ್ದರು. ಆ ಲಾಭದ ಸೇರು ಜರಿ ರುಮಾಲಾಯ್ತಂತೆ. ಮಿಕ್ಕಿದ್ದು ರುಮಾಲಿಗೆ ಒಪ್ಪೋ ಅಂಗಿ, ಅಂಗಿಗೆ ಒಪ್ಪೋ ಕಾಲಿನ ಜೋಡು. ಬೀಸೋದನ್ನ ಬರೋ ಹುಣ್ಣಿಮೆಗೆ ಬಿಡುವೆಯಂತೆ ಅವ್ವ, ಅಂದ. ಅವಳು ಹೂಂ ಅಂದು ಬೀಸೋಕೆ ಹೋದಳು. ಆಮೇಲೆ ಎರಡನೇ ಹುಣ್ಣಿಮೆ ಬಂತು, ಅಂಥಾ ರುಮಾಲು ಸುತ್ತಿಕೊಂಡು ಧೂಳಲ್ಲಿ ನಡೆಯೋದಾ ಅಂತ ಕುದುರೆ ತಂದನಂತೆ. ಪಕ್ಕದ ಮನೆ ಗಿಡ್ಡಮ್ಮ ಬಾಗಿಲಲ್ಲಿ ನಿಂತು, ಏನಪ್ಪಾ ಸೋಮಲಿಂಗ, ಕುದುರೆಗೆ ಹುರುಳಿ, ನಿಮ್ಮವ್ವನಿಗೆ ತೌಡಾ, ಅಂದಳಂತೆ. ಕೇಳದವನಂಗೆ ಹೋದ. ಮೂರನೇ ಹುಣ್ಣಿಮೆಗೆ, ಕುದುರೆ ಇರೋ ಮನೆಗೆ ಮಹಡಿ ಬೇಡವಾ ಅಂತ ಮೂರು ಸೇರನ್ನೂ ಗೋಡೆಗೆ ಸುರಿದ. ಗೋಡೆ ಎದ್ದಿತು, ಚಾವಣಿ ಏಳಲಿಲ್ಲ. ಕೆಳಗೆ ಒಲೆ ಹತ್ತಿಸೋಕೆ ಅವ್ವನ ಕೂಲಿ ರಾಗಿಯೇ ಗತಿ.

ಹೂಂ ಅನ್ನು ಕಂದ, ಈಗ ಬರೋದೇ ನೋಡು.

ಸುಗ್ಗಿಯ ಹೊಸ ರಾಗಿ ಕಣಜಕ್ಕೆ ಬಂದ ದಿನ ರಾಜನೇ ಎದುರು ಕೂತಿದ್ದನಂತೆ. ಸೋಮಲಿಂಗ ಕೊಳಗ ಹಿಡಿದು ಬಾಯಿ ತೆರೆದ. ಲಾಭ ಅನ್ನೋ ಮಾತೇ ಹೊರಡಲಿಲ್ಲ. ಒಂದು ಅಂತ ಬಂತು. ಸುರಿದ ರಾಗಿ ಕೊಳಗದೊಳಗೆ ಎಲ್ಲಿ ಹೋಯ್ತೋ, ತಳ ಹಾಗೇ ಕಾಣ್ತಿತ್ತಂತೆ. ಮತ್ತೆ ಸುರಿದ, ಮತ್ತೆ ತಳ. ಕಣಜದ ಪಾರಿವಾಳಗಳು ಸದ್ದಡಗಿ ಕೂತವಂತೆ. ರಾಜ ತಾನೇ ಎದ್ದು ನಿಂತು ಕೈಮುಗಿದು, ಇದು ನನ್ನ ಅಪ್ಪಣೆಗೆ ಮೀರಿದ್ದಪ್ಪ, ಹೊತ್ತು ಇಳಿಯೋದರೊಳಗೆ ಕೊಳಗ ತುಂಬದಿದ್ದರೆ ಈ ಕೆಲಸ ನಿನ್ನದಲ್ಲ, ಅಂದನಂತೆ.

ಅಲ್ಲೇ ಚೆಲ್ಲಿದ ಕಾಳು ಗುಡಿಸ್ತಿದ್ದ ಒಬ್ಬ ಮುದುಕಿ ತಲೆ ಎತ್ತದೆ, ಮನೇಲಿ ಸುಳ್ಳು ಮಾಡಿದ ಲಾಭದ ಮಾತು ಇಲ್ಲಿ ಹೆಂಗೆ ನಿಜ ಆಗ್ತದೆ ಮಗ, ಅಂದಳಂತೆ.

ಸೋಮಲಿಂಗ ಕುದುರೆ ಮರೆತು, ಬರಿಗಾಲಲ್ಲಿ ಓಡಿದನಂತೆ. ಅವ್ವ ಯಾರದೋ ಹಜಾರದಲ್ಲಿ ಬೀಸ್ತಿದ್ದಳು, ಗೂಟ ಹಿಡಿದ ಕೈಯಲ್ಲಿ ರಕ್ತ ಒಸರ್ತಿತ್ತು. ಅವನು ಆ ಕೈಯನ್ನ ಹಣೆಗೊತ್ತಿಕೊಂಡು ಅತ್ತನಂತೆ. ಅವಳು ಅವನನ್ನ ಎಬ್ಬಿಸಿದಳು. ಮನೆಗೆ ಹೋಗಿ ದೇವರ ಮೂಲೆಯ ಕುಡಿಕೆ ಸೊಂಟಕ್ಕೆ ಏರಿಸಿಕೊಂಡು, ಮಗನ ಹಿಂದೆ ಕಣಜಕ್ಕೆ ಬಂದು, ಅದರಿಂದ ಒಂದೇ ಹಿಡಿ ಕೊಳಗಕ್ಕೆ ಬಿಟ್ಟು, ಲಾಭ, ಅಂತ ಮೆಲ್ಲಗೆ ಅಂದಳಂತೆ.

ಕೊಳಗ ತುಂಬಿತು ಕಂದ. ತುಂಬಿ ಚೆಲ್ಲಿತು, ಚೆಲ್ಲಿದ್ದು ರಾಶಿಯಾಯ್ತು, ರಾಶಿ ತೊಲೆ ಮುಟ್ಟಿತು, ಕಣಜದ ತುಂಬ ಹೊಸ ಪೈರಿನ ವಾಸನೆ. ತಿರುಗಿ ನೋಡಿದರೆ ಮುದುಕಿ ಇಲ್ಲ, ಅವಳ ಪೊರಕೆ ಮಾತ್ರ ಬಿದ್ದಿತ್ತು, ಅದರ ಒಣಕಡ್ಡಿ ಕಡ್ಡಿಯಲ್ಲೂ ಹಸಿರು ರಾಗಿ ತೆನೆ. ರಾಜ ಕಿರೀಟ ತೆಗೆದಿಟ್ಟು ಅಡ್ಡಬಿದ್ದನಂತೆ. ಹೇಳೋವಾಗ ನನಗೇ ಮೈ ಜುಂ ಅಂತದೆ, ನೋಡು.

ಆಮೇಲಿನ ಹುಣ್ಣಿಮೆಯಿಂದ ಲಾಭದ ಸೇರು ದೇವರ ಮೂಲೆ ಬಿಟ್ಟು ಕದಲಲಿಲ್ಲವಂತೆ. ಕುದುರೆ ಮಾರಿ ಹಸು ಕಟ್ಟಿದರು, ರುಮಾಲು ಹಬ್ಬಕ್ಕೆ ಮಾತ್ರ ಹೊರಗೆ ಬಂತು, ಚಾವಣಿಯಿಲ್ಲದ ಮಹಡಿಯಲ್ಲಿ ದೇವೀರವ್ವ ಗಿಡ್ಡಮ್ಮನ ಜೊತೆ ಕೂತು ಹಪ್ಪಳ ಒಣಗಿಸಿದಳು. ಬೀಸೋಕೆ ಮಾತ್ರ ಇನ್ನೊಂದು ಮನೆ ಮೆಟ್ಟಲು ತುಳಿಯಲಿಲ್ಲ. ಬರ್ತಾ ಬರ್ತಾ ಅವಳ ಕೈ ಮೆತ್ತಗಾಯ್ತಂತೆ. ಒಂದು ದಿನ ಮಗನ ಕೆನ್ನೆಯನ್ನ ಅಂಗೈಯಿಂದಲೇ ಸವರಿದಳಂತೆ, ಗೀರು ಬೀಳಲಿಲ್ಲವಂತೆ.

ಕತೆ ಅಲ್ಲಿ ಸುಖವಾಗಿ ಮಲಗಿತು, ನೀನು ಇಲ್ಲಿ ಮಲಗು. ನಿನಗೂ ಒಂದು ದಿನ ಕೈತುಂಬ ಸಂಬಳ ಬರಲಿ ಕಂದ, ಬಂದ ದಿನ ಮೊದಲ ಮಾತು ಲಾಭ ಅಂತಲೇ ಬರಲಿ. ಈ ಕತೆಗೆ ಕಿವಿ ಕೊಟ್ಟೋರೆಲ್ಲರ ಮನೆ ಕುಡಿಕೆಯಲ್ಲಿ ಆ ತಾಯಿ ಒಂದು ಹಿಡಿಯಾಗಿ ಯಾವತ್ತೂ ಕೂತಿರಲಿ.