ಹುಣಸೆ ತಿರುವಿನಲ್ಲಿ ಪ್ಲಗ್ ಬಿಚ್ಚಿಸಿದ ಬುಡೇನ್ ಸಾಬರು

ಇಸವಿ ಕೇಳಬೇಡಿ, ಹೇಳಬಲ್ಲವರು ಯಾರೂ ಉಳಿದಿಲ್ಲ. ಸ್ಕೂಟರಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುತ್ತಿದ್ದ ಕಾಲ ಅಂತ ಇಟ್ಟುಕೊಳ್ಳಿ. ಕೆಂಗಲ್ಲೇರಿನ ಬುಡದಲ್ಲಿ ಒಂದೂರು, ಏರಿನ ಮೇಲೆ ಹೂವಿನ ಪೇಟೆ. ಬೆಳಗ್ಗೆ ಏಳಕ್ಕೆ ಹರಾಜು. ಏಳೂವರೆಗೆ ಹೋದ ಮಲ್ಲಿಗೆಯನ್ನು ದನವೂ ಮೂಸುತ್ತಿರಲಿಲ್ಲ. ಆ ಊರಿನಲ್ಲಿ ಬುಡೇನ್ ಸಾಬ್ ಅಂತ ಒಬ್ಬ ಮೆಕ್ಯಾನಿಕ್ ಇದ್ದರಂತೆ.

ಗಾಡಿ ಊರಬಾಗಿಲಿಗೆ ಬರುವ ಮೊದಲೇ ಸದ್ದು ಕೇಳಿ ರೋಗ ಹೇಳುತ್ತಿದ್ದರಂತೆ. ಹೊಗೆ ಮೂಸಿ ಯಾವ ಬಂಕಿನ ಪೆಟ್ರೋಲು ಅನ್ನುತ್ತಿದ್ದರಂತೆ. ಅಷ್ಟೆಲ್ಲ ನಾನು ನಂಬುವುದಿಲ್ಲ. ಪಿಳ್ಳಣ್ಣನ ಸ್ಕೂಟರಿನ ಸಂಗತಿ ಮಾತ್ರ ನಂಬುತ್ತೇನೆ. ಅದರಲ್ಲಿ ಪವಾಡ ಕಡಿಮೆ, ಕೆಲಸ ಜಾಸ್ತಿ.

ಪಿಳ್ಳಣ್ಣ ಹೂವು ಬೆಳೆಯುವವನು. ಇದ್ದ ಜೋಡೆತ್ತು ಮಾರಿ ಸ್ಕೂಟರ್ ತಂದಿದ್ದ. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತೆ ಅಂತ, ಯಾರದೋ ಮಾತು ಕೇಳಿ ಸೈಲೆನ್ಸರ್ ತೆಗೆಸಿ ನೇರ ಪೈಪು ಹಾಕಿಸಿದ. ಗಾಡಿ ಹಾರಿತು, ಪೆಟ್ರೋಲೂ ಕುಡಿಯಿತು. ಕುಡಿಯುವುದು ತಪ್ಪಲಿ ಅಂತ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ ಬಿಚ್ಚಿಸಿ ಸಣ್ಣ ತೂತಿನದು ಹಾಕಿಸಿದ. ಮೈಲೇಜು ಏರಿತು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ.

ಹದಿನೈದನೇ ದಿನ ನಡು ಏರಿನಲ್ಲಿ ಇಂಜಿನ್ ಸೀಜ್ ಆಯಿತು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ನಿಂತಲ್ಲೇ ನಿಂತಿತು. ಸಿಲಿಂಡರ್ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿಸಿದ. ತಿಂಗಳಿಗೆ ಮತ್ತೆ ಸೀಜ್, ಮತ್ತೆ ಬೋರ್. ಆಗ ಲೇತಿನವನು, ಇದೇ ಕೊನೆ ಕಣೋ, ಇನ್ನು ಕೊರೆಯಲು ಇದರಲ್ಲಿ ಕಬ್ಬಿಣವೇ ಇಲ್ಲ, ಮೂರನೇ ಸಲ ಕಚ್ಚಿದರೆ ಗುಜರಿಗೆ ಹಾಕು ಅಂದನಂತೆ. ಹಳೇ ಸೈಲೆನ್ಸರ್ ಆಗಲೇ ಗುಜರಿ ಸೇರಿತ್ತು. ಎತ್ತು ಹೋಗಿತ್ತು, ಇನ್ನು ಗಾಡಿಯೂ ಹೋದರೆ ಹೂವನ್ನು ತಲೆ ಮೇಲೆ ಹೊರಬೇಕು. ಆಗ ಬಂದ ಸಾಬರ ಅಂಗಡಿಗೆ.

ಬಂದವನು ಸುಮ್ಮನಿರದೆ ಮೈಲೇಜಿನ ಮಹಿಮೆ ಹೇಳಿದನಂತೆ. ಸಾಬರು ಕೇಳುತ್ತಲೇ ಪ್ಲಗ್ ಬಿಚ್ಚಿ ನೋಡಿದರು. ತುದಿ ಬೂದಿಯ ಹಾಗೆ ಬೆಳ್ಳಗಿತ್ತು, ಪೆಟ್ರೋಲು ಸಾಲದೆ ಬೆಂದ ಗುರುತು.

"ಇದು ಉಳಿತಾಯ ಅಲ್ಲ ಪಿಳ್ಳಣ್ಣ, ಉಪವಾಸ."

ಆಮೇಲೆ ಬಿಡಿಸಿ ಹೇಳಿದರಂತೆ. ಹೊಗೆ ಹೋಗುವ ದಾರಿ ಸಲೀಸಾದರೆ ಇಂಜಿನ್ ಗಾಳಿ ಹೆಚ್ಚು ಎಳೆಯುತ್ತೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲೂ ಹೆಚ್ಚು ಬೇಕು. ನೀನು ಅದನ್ನೇ ಕಡಿಮೆ ಮಾಡಿದೆ. ಆಯಿಲ್ ಬರುವುದೂ ಅದೇ ಪೆಟ್ರೋಲಿನಲ್ಲಿ. ಬಿಸಿ ಏರಿತು, ಎಣ್ಣೆ ಸಾಲಲಿಲ್ಲ, ಕಚ್ಚಿಕೊಂಡಿತು.

ಆ ಪೈಪಿಗೆ ಹೊಂದುವ ಜೆಟ್ ಪೇಟೆಯಲ್ಲೂ ಇರಲಿಲ್ಲ. ಇದ್ದುದನ್ನೇ ಹಿಗ್ಗಿಸಬೇಕು. ಸೂಜಿಯಿಂದ ಹಿಗ್ಗಿಸಿದರು ಅಂತ ಕೆಲವರು, ವೀಣೆಯ ತಂತಿಯಿಂದ ಅಂತ ಕೆಲವರು. ಯಾವುದೇ ಆಗಲಿ, ಹಿಗ್ಗಿದ ತೂತನ್ನು ಮತ್ತೆ ಕುಗ್ಗಿಸಲಾಗದು. ಅದಕ್ಕೇ ಕೂದಲೆಳೆಯಷ್ಟು ಹಿಗ್ಗಿಸುವುದು, ಓಡಿಸಿ ನೋಡುವುದು. ನೋಡುವ ಕ್ರಮವೂ ಅವರದೇ. ಬುಡದಿಂದ ಪೂರಾ ಆಕ್ಸಿಲೇಟರ್ ಕೊಟ್ಟು ಏರಿನ ಹುಣಸೆ ತಿರುವಿನವರೆಗೆ ಹೋಗಬೇಕು, ಅಲ್ಲಿ ವೇಗ ಇಳಿಸದೆ ಕ್ಲಚ್ ಹಿಡಿದು ಒಮ್ಮೆಗೇ ಆಫ್ ಮಾಡಬೇಕು. ಆಗ ಬಿಚ್ಚಿ ನೋಡಿದ ಪ್ಲಗಿನ ಬಣ್ಣ ಸುಳ್ಳು ಹೇಳುವುದಿಲ್ಲ.

ಮೂರನೇ ಸಲ ಕಚ್ಚಿದರೆ ಗಾಡಿಯೇ ಹೋಯಿತು ಅಂತ ಪಿಳ್ಳಣ್ಣ ಹೆದರಿದನಂತೆ. ಖಾಲಿ ಗಾಡಿಯಲ್ಲೇ ನೋಡೋಣ ಸಾಬ್ರೇ ಅಂತ ಗೋಗರೆದ.

"ಖಾಲಿ ಗಾಡಿ ಎಲ್ಲರದೂ ಓಡುತ್ತೆ. ನಿನ್ನ ಹೂವಿನ ಬುಟ್ಟಿ ಜಾಗದಲ್ಲಿ ನಾನು ಕೂತ್ಕೋತೀನಿ. ಕಚ್ಚೋ ಹಾಗಾದ್ರೆ ಹಿಡಿಯೋಕೆ ಕ್ಲಚ್ ಮೇಲೆ ಬೆರಳಿಟ್ಕೊಂಡು ನಡಿ."

ಮೊದಲ ಸಲ ಪ್ಲಗ್ ಬೆಳ್ಳಗೇ ಬಂತು. ಎರಡನೇ ಸಲ ಕೊಂಚ ಕಂದು. ಗಾಡಿ ಜೋರಾಗಿ ಓಡುತ್ತಿದೆ, ಸಾಕು ಬಿಡಿ, ತೂತು ಹೆಚ್ಚಾದೀತು ಅಂತ ಪಿಳ್ಳಣ್ಣ ಕೈ ಮುಗಿದ. ಸಾಬರು ಇನ್ನೊಂದು ಎಳೆ ಹಿಗ್ಗಿಸಿದರು. ಮೂರನೇ ಸಲ ಪ್ಲಗ್ ಹುರಿದ ಕಾಫಿಬೀಜದ ಬಣ್ಣಕ್ಕೆ ಬಂತು. ಅಲ್ಲಿಗೆ ಜೆಟ್ ಮುಟ್ಟುವುದನ್ನು ನಿಲ್ಲಿಸಿದರು.

ಮೈಲೇಜು ಬಿತ್ತು ಅಂತ ಪಿಳ್ಳಣ್ಣ ಗೊಣಗಿದ್ದೂ ಉಂಟು. ಗಾಡಿ ಮಾತ್ರ ಮತ್ತೆ ಕಚ್ಚಲಿಲ್ಲ. ಹನ್ನೊಂದು ವರ್ಷ ಅನ್ನುತ್ತಾರೆ, ಇಪ್ಪತ್ತು ಅನ್ನುತ್ತಾರೆ, ಒಂದು ದಿನವೂ ಹರಾಜು ತಪ್ಪಲಿಲ್ಲವಂತೆ.

ಈಗ ಹೂವು ಟೆಂಪೋದಲ್ಲಿ ಹೋಗುತ್ತೆ. ಆದರೂ ಸೈಲೆನ್ಸರ್ ಬದಲಿಸಿದವನು ಯಾವನೇ ಆಗಲಿ, ಹುಣಸೆ ತಿರುವಿನಲ್ಲಿ ಗಾಡಿ ಆಫ್ ಮಾಡಿ ಪ್ಲಗ್ ಬಿಚ್ಚುತ್ತಾನೆ. ಮಂಡಿಯಲ್ಲಿ ಯಾರಾದರೂ ಆಳುಗಳ ಕೂಲಿ ಕಡಿದು ಇಷ್ಟು ಉಳಿಸಿದೆ ಅಂತ ಮೀಸೆ ತಿರುವಿದರೆ, ಹಿರಿಯರು ಎಷ್ಟು ಅಂತ ಕೇಳುವುದಿಲ್ಲ. ಅಂಗೈ ಚಾಚಿ, ಎಲ್ಲಿ, ಪ್ಲಗ್ ತೋರಿಸಪ್ಪ ಅನ್ನುತ್ತಾರೆ.