ಬೀಗ ಹಾಕಿದ ಬುತ್ತಿ

ಹಾಲು ಒಕ್ಕೂಟದ ಕಚೇರಿಗೆ ಮ್ಯಾನೇಜರ್ ಷಡಕ್ಷರಪ್ಪ ಹೊಸ ಇಮೇಲ್, ಕ್ಯಾಲೆಂಡರ್ ತಂತ್ರಾಂಶ ಆರಿಸಿದರು. ಅದರಲ್ಲಿ ಬರೆದದ್ದು ಅದರಲ್ಲೇ ತೆರೆಯುತ್ತಿತ್ತು, ಬೇರೆಲ್ಲೂ ತೆರೆಯುತ್ತಿರಲಿಲ್ಲ.

"ಹಳ್ಳಿ ಸಂಘದವರಿಗೆ ಸಭೆಯ ದಿನಾಂಕವೇ ಕಾಣಲ್ಲ ಸಾರ್," ಎಂದಳು ಗುಮಾಸ್ತೆ ಚೆನ್ನಾಜಮ್ಮ.

"ಅವರೂ ಇದನ್ನೇ ಕೊಳ್ಳಲಿ!" ಎಂದು ಗದರಿದರು.

ಶುಕ್ರವಾರ ಕಚೇರಿಯವರೆಲ್ಲ ಒಟ್ಟಿಗೆ ಉಣ್ಣುವ ರೂಢಿ. ಅಂದು ಬುತ್ತಿ ತರುವ ಸರದಿ ಚೆನ್ನಾಜಮ್ಮನದು. ಕೆಲಸದ ಮೇಲೆ ಬಂದಿದ್ದ ಹಳ್ಳಿ ಸಂಘದವರೂ ಊಟಕ್ಕೆ ಕೂತಿದ್ದರು. ನೋಡಿದರೆ, ಡಬ್ಬಿಗೆ ಬೀಗ!

"ಕೀಲಿ ಎಲ್ಲಿ?" ಎಂದರು ಷಡಕ್ಷರಪ್ಪ.

"ಕೀಲಿ ನನ್ನದು ಸಾರ್. ಇದು ನಮ್ಮನೇಲಿ ಮಾತ್ರ ತೆರೆಯುತ್ತೆ, ಉಣ್ಣೋರು ಅಲ್ಲಿಗೇ ಬರಬೇಕು."

"ಹಸಿದವರ ಮುಂದೆ ಇದೆಂಥ ಅಧಿಕಪ್ರಸಂಗ?"

"ಕಚೇರಿಗೆ ನೀವು ಆರಿಸಿದ್ದೂ ಇಂಥದೇ ಡಬ್ಬಿ ಸಾರ್."

ಬಂದವರು ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಸಣ್ಣದಾಯಿತು. "ಯಾರ ಕಂಪ್ಯೂಟರಲ್ಲಾದರೂ ತೆರೆಯೋದನ್ನೇ ಆರಿಸೋಣಮ್ಮ," ಎಂದರು ನೆಲ ನೋಡುತ್ತ.

ಚೆನ್ನಾಜಮ್ಮ ಸೆರಗಿನ ಗಂಟಿನಿಂದ ಕೀಲಿ ಬಿಚ್ಚಿ, ಡಬ್ಬಿ ತೆರೆದು ಎಲ್ಲರಿಗೂ ಬಡಿಸಿದಳು. ಪುಳಿಯೋಗರೆ ಘಮ್ಮೆಂದಿತು. ಇನ್ನೊಂದು ಸಲ ಬಡಿಸು ಎನ್ನಲು ಮಾತ್ರ ಸಾಹೇಬರಿಗೆ ಬಾಯಿ ಬರಲಿಲ್ಲ.